ಜಪಾನಿನ ಮಗುವೂ ಬನಹಟ್ಟಿಯ ಹುಡುಗಿಯೂ

ನನಗೆ ಸಿಟ್ಟು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನಾಲ್ಕು ಸಾಲು ಓದುವಷ್ಟರಲ್ಲಿ ನಿಮಗೇ ಗೊತ್ತಾಗುತ್ತದೆ. ಜಮಖಂಡಿಯ ನಮ್ಮ ಡಾಕ್ಟರು ಬಿ.ಪಿ. ನೋಡುವ ಪಟ್ಟಿಯನ್ನು ನನ್ನ ತೋಳಿಗೆ ಸುತ್ತುತ್ತಲೇ, "ಅಕ್ಕೋರ, ಈ ಸಲ ಯಾರ ಮ್ಯಾಲ್ರೀ?" ಎಂದು ಕೇಳುತ್ತಾರೆ. ಒಮ್ಮೆ ಗ್ಯಾಸ್ ಸಿಲಿಂಡರಿನವನ ಮೇಲೆ, ಒಮ್ಮೆ ಬಸ್ಸು ನಿಲ್ಲಿಸದೆ ಹೋದ ಡ್ರೈವರನ ಮೇಲೆ, ಒಮ್ಮೆ ಸುಮ್ಮನೆ ಸೆಕೆಯ ಮೇಲೆ. ನಮ್ಮ ಮನೆಯವರು ನಾನು ರೊಟ್ಟಿ ಬಡಿಯುವ ಸಪ್ಪಳದಿಂದಲೇ ಹವಾಮಾನ ತಿಳಿದುಕೊಳ್ಳುತ್ತಾರೆ. ಸಪ್ಪಳ ಜೋರಾದರೆ ಪೇಪರು ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಾರೆ. ಆದರೆ ಸಿಟ್ಟಿನ ದಿನದ ರೊಟ್ಟಿ ತೆಳ್ಳಗೆ, ಉಬ್ಬಿ, ಬಹಳ ಚಲೋ ಆಗುತ್ತದೆ ಎಂಬುದನ್ನು ಅವರೂ ಒಪ್ಪುತ್ತಾರೆ.

ಈಗ ಹೇಳಹೊರಟಿರುವ ಸಿಟ್ಟು ಮಾತ್ರ ರೊಟ್ಟಿ ಬಡಿದರೆ ಇಳಿಯುವಂಥದ್ದಲ್ಲ. ಅದು ಹುಟ್ಟಿದ್ದು ಜಮಖಂಡಿಯ ಒಂದು ಸಭಾಭವನದಲ್ಲಿ, ಶಿಕ್ಷಕರ ತರಬೇತಿಯಲ್ಲಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕೂ ಕಡೆಯ ಮಾಸ್ತರು-ಅಕ್ಕೋರುಗಳನ್ನು ಒಂದೆಡೆ ಕೂಡಿಸಿದ್ದರು. ವೇದಿಕೆಯ ಹಿಂದೆ ಬ್ಯಾನರು: "ಆಪ್ತಸಮಾಲೋಚನೆ ಮತ್ತು ಶಿಕ್ಷಣದಲ್ಲಿ ಬಹುಸಂಸ್ಕೃತಿಯ ಅರಿವು." ಅಷ್ಟುದ್ದದ ಹೆಸರು ಬ್ಯಾನರಿನಲ್ಲಿ ಹಿಡಿಸದೆ ಕೊನೆಯ ಎರಡು ಅಕ್ಷರ ಕಂಬದ ಹಿಂದಕ್ಕೆ ಹೋಗಿದ್ದವು. ಉಪ್ಪಿಟ್ಟು, ಶಿರಾ, ಚಹಾ ಎಲ್ಲ ವ್ಯವಸ್ಥೆಯಾಗಿತ್ತು. ಮಾತಾಡಲು ಬಂದವಳು ನಮ್ರತಾ ಎಂಬ ಹುಡುಗಿ. ಬೆಂಗಳೂರಿನ ಕಡೆಯವಳು, ಮನಶ್ಶಾಸ್ತ್ರ ಓದಿದವಳು. ಆ ವರ್ಷ ನಮ್ಮ ಶಾಲೆಗೂ ವಾರಕ್ಕೊಮ್ಮೆ ಬರುವ ಸಮಾಲೋಚಕಿಯಾಗಿ ಅವಳನ್ನೇ ನೇಮಿಸಿದ್ದರು. ಒಳ್ಳೆಯ ಹುಡುಗಿ, ಮೆತ್ತಗಿನ ಮಾತು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೆ ನನಗೂ ಸ್ವಲ್ಪ ಕಷ್ಟವಾಯಿತು ಅನ್ನಿ.

ನಮ್ರತಾ ಪರದೆಯ ಮೇಲೆ ಸ್ಲೈಡು ಬಿಟ್ಟು ಹೇಳಿದಳು: ಜಪಾನಿನ ಮಗು ದೊಡ್ಡವರ ಕಣ್ಣಲ್ಲಿ ಕಣ್ಣಿಟ್ಟು ನೋಡದಿದ್ದರೆ ಅದನ್ನು ಅಗೌರವ ಎಂದು ತಿಳಿಯಬಾರದು, ಅದು ಅವರ ಪದ್ಧತಿ. ಇನ್ನೊಂದು ದೇಶದವರು ಮಾತಾಡುವಾಗ ತೀರ ಹತ್ತಿರ ಬಂದು ನಿಲ್ಲುತ್ತಾರೆ, ಹಿಂದೆ ಸರಿಯಬಾರದು. ಮತ್ತೊಂದು ಕಡೆ ತಲೆ ಅಲ್ಲಾಡಿಸಿದರೆ ಅರ್ಥವೇ ಬೇರೆ. ನಾವೆಲ್ಲ ಶ್ರದ್ಧೆಯಿಂದ ಬರೆದುಕೊಂಡೆವು. ನನ್ನ ಪಕ್ಕದಲ್ಲಿ ಕೂತಿದ್ದ ಬೀಳಗಿಯ ಗಣಿತದ ಮಾಸ್ತರರು ಮಾತ್ರ ಪೆನ್ನು ಮುಚ್ಚಿಟ್ಟು, "ಜಪಾನದ ಹುಡುಗ ಬಂದಾಗ ನೋಡೂಣಂತ್ರಿ ಅಕ್ಕೋರ, ಅಲ್ಲಿ ಉಪ್ಪಿಟ್ಟ ಆರಾಕತ್ತೈತಿ" ಎಂದರು. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಜಪಾನಿನ ಮಗು ಒಂದೂ ನಮ್ಮ ಶಾಲೆಗೆ ಹೆಸರು ಹಚ್ಚಿಲ್ಲ. ನಾಳೆ ತೇರದಾಳದ ಬಸ್ಸಿನಿಂದ ಒಂದು ಜಪಾನಿನ ಮಗು ಪಾಟೀಚೀಲ ಹಿಡಿದು ಇಳಿದರೆ, ನಮ್ಮ ನಾಲ್ಕು ತಾಲೂಕಿನ ಯಾವ ಶಿಕ್ಷಕರೂ ಅದಕ್ಕೆ ಅವಮಾನ ಮಾಡಲಾರರು. ಅಷ್ಟು ತಯಾರಾಗಿದ್ದೇವೆ.

ಜಪಾನಿನ ಮೇಲೆ ನನಗೇನೂ ಸಿಟ್ಟಿಲ್ಲ. ಸಿಟ್ಟು ಬಂದದ್ದು, ಆ ಪರದೆಯ ಮೇಲೆ ಜಗತ್ತೆಲ್ಲ ಬಂತು, ತೇರದಾಳ ಬರಲಿಲ್ಲ ಎಂಬುದಕ್ಕೆ. ತೇರದಾಳದ ಒಂದು ಜೈನರ ಹುಡುಗಿ ನಮ್ಮ ವಸತಿನಿಲಯಕ್ಕೆ ಸೇರಿದ ಹೊಸತರಲ್ಲಿ ರಾತ್ರಿಯ ಊಟ ಮುಟ್ಟುತ್ತಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಅವರ ಮನೆಯಲ್ಲಿ ಉಣ್ಣುವುದಿಲ್ಲ. ಹುಡುಗಿ ನಾಚಿಕೆಯ ಸ್ವಭಾವದವಳು, ಬಾಯಿ ಬಿಟ್ಟು ಹೇಳಲಿಲ್ಲ. "ಊಟ ಒಲ್ಲದ ಹುಡುಗಿ, ಮನಸ್ಸಿನಲ್ಲಿ ಏನೋ ಇದೆ" ಎಂದು ವಸತಿನಿಲಯದವರು ಅವಳನ್ನು ಕೂಡಿಸಿಕೊಂಡು ಎಷ್ಟು ಸಲ ಸಮಾಧಾನ ಮಾಡಿದರೋ! ಮನಸ್ಸಿನಲ್ಲಿ ಏನೂ ಇರಲಿಲ್ಲ, ಹೊಟ್ಟೆಯಲ್ಲೂ ಏನೂ ಇರಲಿಲ್ಲ. ಸಂಜೆ ಬೆಳಕಿರುವಾಗಲೇ ಒಂದು ತಾಟು ಬಡಿಸಿದ ದಿನ ಆ ಮಾನಸಿಕ ಸಮಸ್ಯೆ ಪರಿಹಾರವಾಯಿತು.

ಇನ್ನೊಂದು ಸಲ, ಹುಡುಗಿಯೊಬ್ಬಳು ಫೋನಿನಲ್ಲಿ ತಾಯಿಗೆ "ಬಾ ಬೇ ಯವ್ವಾ, ನೋಡಿ ಭಾಳ ದಿನಾ ಆತು" ಅನ್ನುವುದನ್ನು ಕೇಳಿ ನಮ್ರತಾ ನನ್ನ ಹತ್ತಿರ ಬಂದು, "ಮೇಡಂ, ಇಲ್ಲಿ ಮಕ್ಕಳು ತಾಯಿಗೆ ಹೀಗೆ ಒರಟಾಗಿ ಮಾತಾಡ್ತಾರಲ್ಲ, ಮನೆಯಲ್ಲಿ ಏನಾದ್ರೂ ಜಗಳಾನಾ?" ಎಂದು ಕಾಳಜಿಯಿಂದ ಕೇಳಿದಳು. ಆ 'ಬೇ' ಒಳಗೆ ಎಷ್ಟು ಪ್ರೀತಿ ಇದೆಯೆಂದು ಅವಳಿಗೆ ತಿಳಿಸಿ ಹೇಳಿದೆ. ನನ್ನ ಅವ್ವ ತೀರಿಕೊಂಡ ಮೇಲೆ ಆ ಶಬ್ದ ಬಳಸಲು ನನಗೆ ಯಾರೂ ಉಳಿದಿಲ್ಲ.

ನೋಡಿ, ತಿಮ್ಮಾಪುರದಲ್ಲಿ ಮುಧೋಳ ನಾಯಿಗಳನ್ನು ಬೆಳೆಸುವ ಕೇಂದ್ರವಿದೆ. ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಒಳಗೆ ಬಿಡುವ ಮೊದಲೇ ಅಲ್ಲೊಬ್ಬರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, "ಮೈ ಮುಟ್ಟಾಕ ಹೋಗಬ್ಯಾಡ್ರಿ, ದಿಟ್ಟಿಸಿ ನೋಡಬ್ಯಾಡ್ರಿ. ಈ ತಳೀನ ಹಂಗ್ರಿ, ಹೊಸಾ ಮಂದೀನ ಲಗೂನ ಹಚ್ಕೊಳ್ಳೂದಿಲ್ಲ" ಎಂದು ಹೇಳಿದರು. ನಾವು ಹಾಗೇ ನಡೆದುಕೊಂಡೆವು. ನಾಯಿಗಳು ಮುಖ ತಿರುಗಿಸಿ ನಿಂತವು, ಯಾರಿಗೂ ಬೇಜಾರಾಗಲಿಲ್ಲ. ನಾಯಿಯ ಸ್ವಭಾವ ಇಂಥದ್ದೆಂದು ಬಾಗಿಲಲ್ಲೇ ತಿಳಿಸುವ ನಮ್ಮ ಸೀಮೆಯಲ್ಲಿ ಮಕ್ಕಳ ವಿಷಯಕ್ಕೆ ಬಂದರೆ ಬಾಗಿಲಲ್ಲಿ ಯಾರೂ ಇಲ್ಲ. ಇದಕ್ಕೆ ಸಿಟ್ಟು ಬಾರದೆ ಇನ್ನೇನು ಬರಬೇಕು, ನೀವೇ ಹೇಳಿ.

ಹಾಗೆ ನೋಡಿದರೆ ಈ ಕಣ್ಣಲ್ಲಿ ಕಣ್ಣಿಟ್ಟು ನೋಡುವ ಶಾಸ್ತ್ರವೇ ವಿಚಿತ್ರ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ನಮ್ಮ ಚಿಕ್ಕಪ್ಪನ ಹೆಂಡತಿ, ಕಾಕು, ನನ್ನ ತಲೆಯನ್ನು ಹಿಂದಿನಿಂದ ಒತ್ತಿ, "ನೆಲಾ ನೋಡ, ನೆಲಾ ನೋಡ" ಎಂದು ಪಿಸುಗುಟ್ಟಿದ್ದಳು. ಪರಿಣಾಮವಾಗಿ ನಾನು ಮದುವೆಗೆ ಮೊದಲು ನಮ್ಮ ಮನೆಯವರ ಕಾಲಿನ ಹೆಬ್ಬೆರಳನ್ನು ಮಾತ್ರ ಚೆನ್ನಾಗಿ ಬಲ್ಲವಳಾಗಿದ್ದೆ. ಅಂದು ಕಣ್ಣೆತ್ತಿದ್ದರೆ ಬಜಾರಿ. ಇಂದು ಕಣ್ಣಿಳಿಸಿದರೆ ಆತ್ಮವಿಶ್ವಾಸದ ಕೊರತೆ. ಬ್ಯಾಂಕಿನಲ್ಲಿ ಕಿಟಕಿಯ ಹಿಂದಿನವರು ಕಂಪ್ಯೂಟರು ನೋಡಿ ಮಾತಾಡುತ್ತಾರೆ, ಡಾಕ್ಟರು ಚೀಟಿ ನೋಡಿ ಮಾತಾಡುತ್ತಾರೆ, ಹೆಡ್‌ಮಾಸ್ತರರು ಮೊಬೈಲು ನೋಡಿ ಮಾತಾಡುತ್ತಾರೆ. ಅವರಿಗೆಲ್ಲ ಯಾವ ಸಮಸ್ಯೆಯೂ ಇಲ್ಲ. ಸಮಸ್ಯೆ ಇದ್ದದ್ದು ಒಂಬತ್ತನೆಯ ಇಯತ್ತೆಯ ದಾನೇಶ್ವರಿಗೆ.

ದಾನೇಶ್ವರಿ ಬನಹಟ್ಟಿಯ ನೇಕಾರರ ಹುಡುಗಿ. ನಮ್ಮ ವಸತಿನಿಲಯದಲ್ಲಿದ್ದು ಓದುತ್ತಾಳೆ. ಓದಿನಲ್ಲಿ ಚುರುಕು, ಗಣಿತದಲ್ಲಂತೂ ಮಾಸ್ತರರು ಹಲಗೆಯ ಮೇಲೆ ಬರೆದು ಮುಗಿಸುವ ಮೊದಲೇ ಉತ್ತರ ಹೇಳಿ ಅವರ ಉತ್ಸಾಹಕ್ಕೆ ನೀರೆರಚುತ್ತಾಳೆ. ಅವಳು ಮಾತಾಡುವಾಗ ಮೂರು ವಿಶೇಷಗಳು. ದನಿ ಜೋರು. ಯಾರನ್ನಾದರೂ ಕರೆಯಬೇಕಾದರೆ ಹೆಸರು ಹಿಡಿದು ಕೂಗುವುದಿಲ್ಲ, ಹಿಂದಿನಿಂದ ಬಂದು ಭುಜ ತಟ್ಟುತ್ತಾಳೆ. ಮತ್ತು ನೀವು ಮಾತಾಡುವಾಗ ನಿಮ್ಮ ಕಣ್ಣನ್ನು ನೋಡುವುದಿಲ್ಲ, ಬಾಯಿಯನ್ನು ನೋಡುತ್ತಾಳೆ. ಮೊದಮೊದಲು ಹೊಸಬರಿಗೆ ತಮ್ಮ ಹಲ್ಲಿನಲ್ಲಿ ಕೊತ್ತಂಬರಿ ಸಿಕ್ಕಿರಬೇಕೆಂದು ಅನುಮಾನವಾಗುತ್ತದೆ.

ನನಗೆ ಮಾತ್ರ ಆಗಲಿಲ್ಲ, ಏಕೆಂದರೆ ನನ್ನ ಮೊದಲ ನೌಕರಿ ಬನಹಟ್ಟಿಯಲ್ಲೇ. ನನ್ನ ಬಾಡಿಗೆ ಮನೆಯ ಗೋಡೆಗೆ ಹತ್ತಿಯೇ ಪಾವರ್‌ಲೂಮಿನ ಶೆಡ್ಡಿತ್ತು. ಬೆಳಗಾದರೆ ಖಟಕ್ ಖಟಕ್ ಶುರು. ಇಡೀ ಓಣಿಯೇ ಖಟಕ್ ಖಟಕ್. ಆ ಸಪ್ಪಳದಲ್ಲಿ ಮಾತು ಕೇಳಿಸುವುದಿಲ್ಲವಲ್ಲ, ಅದಕ್ಕೆ ಅಲ್ಲಿಯ ಜನ ದನಿಯನ್ನಷ್ಟೇ ನೆಚ್ಚಿರುವುದಿಲ್ಲ. ದೂರ ಇದ್ದರೆ ಬಾಯಿ ಅಗಲಿಸಿ, ಕೈ ತಿರುವಿ, ಸದ್ದಿಲ್ಲದೆ ಮಾತಾಡುತ್ತಾರೆ. ಎದುರಿನವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಹತ್ತಿರ ಇದ್ದರೆ ಭುಜ ತಟ್ಟಿ, ಮುಖದ ಹತ್ತಿರ ಬಂದು, ಒದರುತ್ತಾರೆ. ಕೂಸುಗಳು ತೊಟ್ಟಿಲಲ್ಲಿಂದಲೇ ಅವ್ವನ ತುಟಿ ನೋಡಿ ಮಾತು ಕಲಿಯುತ್ತವೆ. ತಮಾಷೆಯೆಂದರೆ ಕರೆಂಟು ಹೋದಾಗಿನದು. ಮಗ್ಗಗಳೆಲ್ಲ ಒಮ್ಮೆಲೇ ನಿಂತುಬಿಡುತ್ತವೆ, ಆದರೆ ಬಾಯಿಗಳು ನಿಲ್ಲಲು ಅರೆಗಳಿಗೆ ಬೇಕು. ಆ ಅರೆಗಳಿಗೆಯಲ್ಲಿ ಓಣಿಯ ಗುಟ್ಟುಗಳೆಲ್ಲ ಹೊರಗೆ. "ಅತ್ತಿ ಮುಂದ ಹೇಳಬ್ಯಾಡ, ಹೊಸಾ ಸೀರಿ ತಂದೀನಿ" ಎಂದು ಪಕ್ಕದ ಮನೆಯ ಸೊಸೆ ಗಂಟಲು ಹರಿಯುವಂತೆ ಒದರಿದ್ದನ್ನು ನಾನೂ ಕೇಳಿದೆ, ಪಡಸಾಲೆಯಲ್ಲಿ ಕೂತಿದ್ದ ಅತ್ತೆಯೂ ಕೇಳಿದರು. ಆ ಸೀರೆಯನ್ನು ಕೊನೆಗೆ ಅತ್ತೆಯೇ ಉಟ್ಟರೆಂದು ನೆನಪು.

ಇಂಥ ಮನೆಯ ಹುಡುಗಿ ದಾನೇಶ್ವರಿ. ಒಂದು ದಿನ ಸಂಜೆ ವಸತಿನಿಲಯದ ವಾರ್ಡನ್ ಬಾಯಿಯವರ ಭುಜ ಹಿಡಿದು ಅಲ್ಲಾಡಿಸಿ, ಮುಖದ ಮುಂದೆ ಮುಖ ತಂದು ಒದರಿದಳಂತೆ. ವಾರ್ಡನ್ ಹುನ್ನೂರಿನವರು, ಹೊಲದ ಕಡೆಯ ಶಾಂತ ಮನೆಯಲ್ಲಿ ಬೆಳೆದವರು. ಗಾಬರಿಯಾಗಿ ಹೆಡ್‌ಮಾಸ್ತರರಲ್ಲಿಗೆ ಓಡಿದರು. ಹೆಡ್‌ಮಾಸ್ತರರು ನಮ್ರತಾಳಿಗೆ ಒಪ್ಪಿಸಿದರು. ನಮ್ರತಾ ಹುಡುಗಿಯನ್ನು ಎದುರಿಗೆ ಕೂಡಿಸಿಕೊಂಡು ಮಾತಾಡಿಸಿ ಹೇಳಿದಳು: ಆಕ್ರಮಣಕಾರಿ ಸ್ವಭಾವ, ದೈಹಿಕ ಅಂತರದ ಅರಿವಿಲ್ಲ, ಕಣ್ಣಿಗೆ ಕಣ್ಣು ಸೇರಿಸುವುದಿಲ್ಲ, ಹೆಚ್ಚಿನ ತಪಾಸಣೆ ಬೇಕು. ಹೆಡ್‌ಮಾಸ್ತರರಿಗೆ ತಪಾಸಣೆ ಎಂಬ ಶಬ್ದವೇ ಸಾಕಾಯಿತು. "ನಾಳೆ ಏನರ ಹೆಚ್ಚು ಕಡಿಮಿ ಆದ್ರ ಯಾರ್ರಿ ಜವಾಬ್ದಾರಿ? ಅವರವ್ವನ ಕರಸ್ರಿ, ಟಿ.ಸಿ. ಕೊಟ್ಟ ಕಳಸೂಣು" ಎಂದರು.

ಬನಹಟ್ಟಿಯಲ್ಲಿ ಶಾಲೆಗಳಿಲ್ಲ ಎಂದಲ್ಲ, ಬೇಕಾದಷ್ಟಿವೆ. ಆದರೆ ದಾನೇಶ್ವರಿಯ ಅಕ್ಕ ಏಳನೆಯದಕ್ಕೇ ಬಿಟ್ಟು ಮಗ್ಗದ ಕಂಡಿಕಿಗೆ ನೂಲು ಸುತ್ತುತ್ತ ಕೂತಿದ್ದಾಳೆ. ಇವಳನ್ನು ಅಲ್ಲಿಂದ ಪಾರು ಮಾಡಬೇಕೆಂದೇ ಅವರವ್ವ ಹಟ ಹಿಡಿದು, ಗಂಡನೊಂದಿಗೆ ಜಗಳವಾಡಿ, ಇಲ್ಲಿ ತಂದು ಬಿಟ್ಟಿದ್ದಳು. ತಲೆ ಸರಿಯಿಲ್ಲವೆಂದು ಶಾಲೆಯವರೇ ಹೊರಗೆ ಹಾಕಿದ ಹುಡುಗಿ ಎಂಬ ಹೆಸರು ಹೊತ್ತು ತಿರುಗಿ ಹೋದರೆ ಅವಳಿಗೂ ಅಕ್ಕನ ಪಕ್ಕದಲ್ಲಿ ಜಾಗ ಸಿದ್ಧವಾಗಿತ್ತು. ಎರಡನೆಯ ಸಲ ಹಟ ಹಿಡಿಯಲು ಅವರವ್ವನಿಗೆ ಮುಖ ಎಲ್ಲಿಂದ ಬರಬೇಕು?

ಅವ್ವ ಬಂದಳು. ಕಸ್ತೂರಿ ಎಂದು ಹೆಸರು. ಮಗ್ಗ ನಿಲ್ಲಿಸಿ, ಬೆಳಗಿನ ಬಸ್ಸು ಹಿಡಿದು ಬಂದಿದ್ದಳು. ಸೆರಗಿಗೆ ಹತ್ತಿಯ ಎಳೆಗಳು ಅಂಟಿಕೊಂಡೇ ಇದ್ದವು. ಹೆಡ್‌ಮಾಸ್ತರರ ಕೋಣೆಯಲ್ಲಿ ಕುರ್ಚಿ ತೋರಿಸಿದರೂ ಕೂಡದೆ ಬಾಗಿಲ ಹತ್ತಿರ ನಿಂತಳು. ದಾನೇಶ್ವರಿ ಎದುರಿನ ಗೋಡೆಗೆ ಒರಗಿ ನಿಂತಿದ್ದಳು. ನಾನು ತರಗತಿಯ ಶಿಕ್ಷಕಿಯೆಂದು ನನ್ನನ್ನೂ ಕರೆದಿದ್ದರು. ಹೆಡ್‌ಮಾಸ್ತರರು ಶಿಸ್ತಿನ ಬಗ್ಗೆ ಭಾಷಣ ಶುರು ಮಾಡಿದರು. ಅವರು ಮಾತಾಡುತ್ತಿದ್ದ ಅಷ್ಟೂ ಹೊತ್ತು ತಾಯಿ ಮಗಳು ಕೋಣೆಯ ಎರಡು ಬದಿಗೆ ನಿಂತು, ಒಂದು ಚೂರೂ ಸದ್ದಿಲ್ಲದೆ, ತುಟಿ ಆಡಿಸುತ್ತಲೇ ಇದ್ದರು. ಅವ್ವ ಏನೋ ಕೇಳಿದಳು. ಮಗಳು ಏನೋ ಹೇಳಿದಳು. ಅವ್ವನ ಕಣ್ಣಲ್ಲಿ ನೀರು ಬಂತು. ಹೆಡ್‌ಮಾಸ್ತರರು ಅದು ತಮ್ಮ ಭಾಷಣದ ಪ್ರಭಾವವೆಂದು ತಿಳಿದು ದನಿ ಏರಿಸಿದರು.

ನಮ್ರತಾ ಇದನ್ನೆಲ್ಲ ಗಮನಿಸುತ್ತಿದ್ದಳು. ಗಮನಿಸುವುದೇ ಅವಳ ವಿದ್ಯೆಯಲ್ಲವೇ? ನನ್ನ ಕಡೆಗೆ ಬಗ್ಗಿ ಮೆಲ್ಲಗೆ, "ಮೇಡಂ, ನೋಡಿದ್ರಾ, ತಾಯಿಯಲ್ಲೂ ಅದೇ ಲಕ್ಷಣಗಳಿವೆ. ಅವರೂ ಕಣ್ಣು ನೋಡ್ತಾ ಇಲ್ಲ, ತಮ್ಮಷ್ಟಕ್ಕೆ ಏನೋ ಗೊಣಗ್ತಿದ್ದಾರೆ. ಕುಟುಂಬದಲ್ಲೇ ಇರಬಹುದು" ಎಂದಳು.

ಅಷ್ಟೇ ಸಾಕಾಯಿತು. ನನ್ನ ಡಾಕ್ಟರರು ಆ ಕ್ಷಣದಲ್ಲಿ ತೋಳಿಗೆ ಪಟ್ಟಿ ಸುತ್ತಿದ್ದರೆ ಯಂತ್ರವೇ ಒಡೆಯುತ್ತಿತ್ತು. "ಕುಟುಂಬದಾಗಲ್ಲವ್ವಾ, ಊರಾಗ ಐತಿ! ಇಡೀ ಬನಹಟ್ಟಿಗೆ ಐತಿ ಈ ರೋಗ, ರಬಕವಿಗೂ ಐತಿ, ಎಲ್ಲಾರ್ನೂ ತಪಾಸಣೆ ಮಾಡಸ್ತಿಯೇನು?" ಎಂದು ಒದರಿದೆ. ಕಸ್ತೂರಿ ಹೆದರಿ ಕೈ ಮುಗಿದು, "ಅಕ್ಕೋರ, ಸಿಟ್ಟಾಗಬ್ಯಾಡ್ರಿ, ನಾ ನಾಕ ಏಟ ಹಾಕಿ ಬುದ್ಧಿ ಹೇಳ್ತೀನ್ರಿ, ಸಾಲಿ ಬಿಡಸಬ್ಯಾಡ್ರಿ" ಎಂದಳು. ಪಾಪ, ನಾನು ಅವಳ ಮಗಳ ಮೇಲೇ ಹಾರಾಡುತ್ತಿದ್ದೇನೆ ಎಂದುಕೊಂಡಿದ್ದಳು. ಅವಳು ಹಾಗೆ ಕೈ ಮುಗಿದದ್ದು ನೋಡಿ ಸಿಟ್ಟು ಇನ್ನಷ್ಟು ಏರಿತು. ಮಗ್ಗದ ಮನೆ, ಸಪ್ಪಳ, ತುಟಿ, ಭುಜ, ಕರೆಂಟು ಹೋದಾಗಿನ ಓಣಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. "ಜಪಾನದ ಹುಡುಗಗ ಒಂದ್ ಸ್ಲೈಡ್ ಐತಿ, ನಮ್ಮ ಹುಡುಗಿಗೆ ಟಿ.ಸಿ. ಐತಿ. ಇದ ಏನ್ರಿ ನಿಮ್ಮ ಅರಿವು?" ಎಂದೆ. ಕೊನೆಗೆ ಮೇಜು ಗುದ್ದಿ, "ಈ ಹುಡುಗಿಗೆ ಸಿಟ್ಟ ಬಂದಿರ್ಲೇ ಇಲ್ರಿ ಸರ, ಮಗ್ಗದ ಮನಿ ಮಾತ ಹಂಗ" ಎಂದು ತೀರ್ಪು ಕೊಟ್ಟೆ.

ನಮ್ರತಾಳ ಮುಖ ಕೆಂಪಾಯಿತು. ಆದರೆ ಅವಳನ್ನು ಮೆಚ್ಚಬೇಕು, ವಾದ ಮಾಡಲಿಲ್ಲ. "ನನಗೆ ಇದು ಗೊತ್ತಿರಲಿಲ್ಲ ಮೇಡಂ. ಹಾಗಿದ್ರೆ ಇದು ಸಮಸ್ಯೆಯಲ್ಲ, ಸಾಂಸ್ಕೃತಿಕ ಭಿನ್ನತೆ" ಎಂದಳು. ಹೆಡ್‌ಮಾಸ್ತರರಿಗೆ ಏನಾದರೊಂದು ಹೆಸರಿದ್ದರೆ ಸಾಕಾಗಿತ್ತು. ಜವಾಬ್ದಾರಿಯನ್ನು ಸಂಸ್ಕೃತಿಯ ಮೇಲೆ ಹೊರಿಸಲು ಬರುತ್ತದೆಂದು ತಿಳಿದು ನಿರಾಳರಾದರು. ಟಿ.ಸಿ.ಯ ಮಾತು ಅಲ್ಲಿಗೇ ಬಿತ್ತು. ಕಸ್ತೂರಿ ಬನಹಟ್ಟಿಯ ಬಸ್ಸು ಹತ್ತುವಾಗ ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಆ ದಿನ ನಾನು ಮನೆಗೆ ಬಂದು ತೀರ ದಪ್ಪ ರೊಟ್ಟಿ ಮಾಡಿದೆ.

ಅರಿವು ಎಂಬುದು ಒಮ್ಮೆ ಹತ್ತಿಕೊಂಡರೆ ಹೇಗೆ ಹಬ್ಬುತ್ತದೆಯೆಂದು ನಿಮಗೆ ಹೇಳಬೇಕು. ಮುಂದಿನ ತರಬೇತಿ ಮುಧೋಳದಲ್ಲಾಯಿತು. ಜಪಾನಿನ ಮಗುವಿನ ಪಕ್ಕದಲ್ಲೇ ಹೊಸ ಸ್ಲೈಡು: "ನೇಕಾರ ಸಮುದಾಯದ ಮಕ್ಕಳು." ಒಂದು ಬಾಯಿಯ ಚಿತ್ರ. ಕೆಳಗೆ ಸೂಚನೆಗಳು. ನಾನು ಮುಂದಿನ ಸಾಲಿನಲ್ಲಿ ಬೀಗಿ ಕೂತಿದ್ದೆ, ಸುಳ್ಳೇಕೆ ಹೇಳಲಿ. ನಮ್ಮ ಶಾಲೆಯಲ್ಲಂತೂ ಎಲ್ಲರಿಗೂ ಅರಿವು ಬಂದುಬಿಟ್ಟಿತು. ವಿಜ್ಞಾನದ ಮಾಸ್ತರರು ದಾನೇಶ್ವರಿಗೆ ಪ್ರಶ್ನೆ ಕೇಳುವಾಗ ಬಾಯಿಯನ್ನು ಹಲ್ಲಿನ ಡಾಕ್ಟರರ ಮುಂದೆ ಕೂತವರಂತೆ ತೆರೆಯತೊಡಗಿದರು. ಅಡುಗೆಯವಳು ಅವಳ ತಾಟಿಗೆ ಪಲ್ಯ ಹಾಕುವಾಗ ಮೊದಲು ಭುಜ ತಟ್ಟುತ್ತಿದ್ದಳು. ಎಂಟನೆಯ ಇಯತ್ತೆಯಲ್ಲಿ ಬನಹಟ್ಟಿಯವಳೇ ಆದ ಇನ್ನೊಬ್ಬ ಹುಡುಗಿಯಿದ್ದಾಳೆ. ಅವಳಪ್ಪ ಕಿರಾಣಿ ಅಂಗಡಿಯವರು, ಮಗ್ಗವನ್ನು ಆಕೆ ದೂರದಿಂದ ನೋಡಿದ್ದೇ ಹೆಚ್ಚು. ಅವಳಿಗೂ ಎಲ್ಲರೂ ಒದರಿ ಒದರಿ ಮಾತಾಡಿ, ಆ ಬಡಪಾಯಿ ಎರಡೂ ಕಿವಿ ಮುಚ್ಚಿಕೊಂಡು ತಿರುಗಾಡುವ ಹಾಗಾಯಿತು. ಇನ್ನು ವಾರ್ಡನ್ ಬಾಯಿಯವರಂತೂ, "ಅಕಿದೇನೂ ತಪ್ಪಿಲ್ಲ ಬಿಡ್ರಿ, ಅವರ ಮಂದೀನ ಹಂಗಂತ" ಎಂದು ಬಂದವರಿಗೆಲ್ಲ ಉದಾರವಾಗಿ ಹೇಳುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ, ತರಗತಿ ಮುಗಿದು ನಾನು ಹಲಗೆ ಒರೆಸುತ್ತಿದ್ದಾಗ, ದಾನೇಶ್ವರಿ ಒಳಗೆ ಬಂದಳು. ಭುಜ ತಟ್ಟಲಿಲ್ಲ. ಸ್ವಲ್ಪ ದೂರದಲ್ಲೇ ನಿಂತಳು.

"ಬ್ಯಾಸರಾ ಮಾಡ್ಕೋಬ್ಯಾಡ್ರಿ ಅಕ್ಕೋರ, ಒಂದ್ ಮಾತ್ ಹೇಳ್ಲಿ?"

"ಹೇಳ."

"ಅವತ್ತ ನೀವು ಎಲ್ಲಾರ ಮುಂದ ಅಂದ್ರೆಲ್ರಿ, ಅಕಿಗೆ ಸಿಟ್ಟ ಬಂದಿರ್ಲಿಲ್ಲ, ಮಗ್ಗದ ಮನಿ ಮಾತ ಹಂಗ ಅಂತ."

"ಹೌದಲ್ಲ ಮತ್ತ?"

"ಇಲ್ರಿ. ಸಿಟ್ಟ ಬಂದಿತ್ರಿ. ಭಾಳ ಬಂದಿತ್ತು."

ನಾನು ಡಸ್ಟರು ಹಿಡಿದುಕೊಂಡೇ ನಿಂತೆ. ಹುಡುಗಿ ಹೇಳಿದಳು. ವಸತಿನಿಲಯದ ಮಕ್ಕಳು ವಾರಕ್ಕೊಂದು ಸಂಜೆ ವಾರ್ಡನ್ನರ ಫೋನಿನಲ್ಲಿ ಮನೆಯವರ ಜೊತೆ ಮಾತಾಡಬಹುದು. ಅವಳವ್ವ ಶೆಡ್ಡಿನಿಂದಲೇ ಫೋನು ಮಾಡುತ್ತಾಳೆ. ಹೊರಗೆ ಬಂದರೂ ಓಣಿ ತುಂಬ ಅದೇ ಸಪ್ಪಳ. ವಾರ್ಡನ್ ಫೋನು ಕಿವಿಗಿಟ್ಟುಕೊಂಡು, "ಬರೇ ಖಟಖಟಾ ಅಂತೈತಿ, ಯಾರೂ ಮಾತಾಡಾಕತ್ತಿಲ್ಲ" ಎಂದು ಕಟ್ ಮಾಡಿಬಿಡುತ್ತಿದ್ದರಂತೆ. ಒಂದು ವಾರವಲ್ಲ, ಪ್ರತಿ ವಾರ.

"ವಿಡಿಯೋ ಹಚ್ರಿ, ಅವ್ವನ ಬಾಯಿ ಕಂಡ್ರ ಸಾಕು, ನನಗ ಎಲ್ಲಾ ತಿಳೀತೈತಿ ಅಂತ ಎಷ್ಟ ಸಲ ಕೇಳೇನ್ರಿ. ಅವತ್ತ ಅವರು, ನೋಡಾಕ ನಿಮ್ಮವ್ವ ಏನ್ ಸಿನಿಮಾದಾಕಿ ಏನ ಅಂದ್ರು. ಎಲ್ಲಾ ಹುಡಿಗ್ಯಾರೂ ನಕ್ಕರ್ರಿ." ಅವಳ ದನಿ ಒಂದಿಷ್ಟೂ ತಗ್ಗಲಿಲ್ಲ. "ಅದಕ್ಕ ಭುಜಾ ಹಿಡದ ಒದರಿದೆ. ಅದು ಮಗ್ಗದ್ದಲ್ರಿ ಅಕ್ಕೋರ. ನಂದು."

"ಯಾಕ ಮೊದಲ ಹೇಳಲಿಲ್ಲ?" ಎಂದೆ. ಕೇಳಿದ ಮೇಲೆ, ಯಾಕಾದರೂ ಕೇಳಿದೆನೋ ಅನ್ನಿಸಿತು. ಯಾರಿಗೆ ಹೇಳಬೇಕಿತ್ತು ಅವಳು? ನಮ್ರತಾ ಅದಕ್ಕೆ ಕಾಯಿಲೆ ಎಂದಳು. ಹೆಡ್‌ಮಾಸ್ತರರು ಅಶಿಸ್ತು ಎಂದರು. ನಾನು, ಬನಹಟ್ಟಿಯನ್ನು ಅರೆದು ಕುಡಿದ ನಾನು, ಸಂಸ್ಕೃತಿ ಎಂದೆ. ಮೂವರೂ ಅವಳ ಎದುರಿಗೇ ಅವಳ ಬಗ್ಗೆ ವಾದ ಮಾಡಿದೆವು, ಅವಳನ್ನು ಒಂದು ಮಾತು ಕೇಳಲಿಲ್ಲ. ಅವತ್ತು ಕೋಣೆಯಲ್ಲಿ ಸದ್ದಿಲ್ಲದೆ ಅವ್ವನಿಗೆ ಅವಳು ಹೇಳಿದ್ದು ಇದನ್ನೇ. ಅವ್ವ ಅತ್ತದ್ದೂ ಇದಕ್ಕೇ. ಅಷ್ಟು ದೊಡ್ಡ ಕೋಣೆಯಲ್ಲಿ ನಡೆದ ನಿಜವಾದ ಸಮಾಲೋಚನೆ ಅದೊಂದೇ.

ನನಗೆ ಬರುವ ಸಿಟ್ಟಿಗೆಲ್ಲ ಕಾರಣ ಇರುತ್ತದೆ. ಗ್ಯಾಸಿನವನದು, ಬಸ್ಸಿನವನದು, ಸ್ಲೈಡಿನದು. ನನ್ನ ತವರು ಬೀಳಗಿಯ ಕಡೆ. ಯಾರಾದರೂ ಬಂದು, "ಇವರಿಗೆ ಸಿಟ್ಟಿಲ್ಲ, ಬೀಳಗಿ ಕಡೆಯವರ ರೀತಿಯೇ ಹೀಗೆ" ಎಂದರೆ ನಾನು ಬಿಡುತ್ತಿದ್ದೆನೇ? ಅವನ ಮನೆತನದ ಚರಿತ್ರೆ ತೆಗೆಯುತ್ತಿದ್ದೆ. ಹದಿನಾಲ್ಕು ವರ್ಷದ ಹುಡುಗಿಗೆ ನ್ಯಾಯವಾಗಿ ಬಂದ ಸಿಟ್ಟನ್ನು ನಾನು ಎಲ್ಲರೆದುರು ಮೇಜು ಗುದ್ದಿ ಇಲ್ಲವೆನಿಸಿದ್ದೆ. ಅವಳ ಶಾಲೆ ಉಳಿಯಲಿ ಎಂದೇ ಹಾಗೆ ಹೇಳಿದ್ದು, ಉಳಿಯಿತು ಕೂಡ. ಆದರೆ ಅವ್ವನನ್ನು ಆಡಿಕೊಂಡ ಮಾತು ಹಾಗೇ ಉಳಿದಿತ್ತು, ಫೋನು ಹಾಗೇ ಕಟ್ಟಾಗುತ್ತಿತ್ತು, ಮೇಲಿಂದ ಆಡಿಕೊಂಡವರೇ ಈಗ ಇವಳನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸಿ ತಿರುಗುತ್ತಿದ್ದರು.

ಡಸ್ಟರನ್ನು ಮೇಜಿನ ಮೇಲೆ ಒಗೆದು, "ನಡೀ" ಎಂದೆ. ವಸತಿನಿಲಯದ ಕಡೆಗೆ ನಾನು ಮುಂದೆ, ಅವಳು ಹಿಂದೆ. ವಾರ್ಡನ್ನರಿಗೆ ಏನೇನು ಅನ್ನಬೇಕೆಂದು ಹಾದಿಯುದ್ದಕ್ಕೂ ಹಲ್ಲು ಕಡಿಯುತ್ತಾ ಜೋಡಿಸಿಕೊಂಡೆ. ಭರ್ಜರಿ ಮಾತುಗಳು, ಒಂದಕ್ಕಿಂತ ಒಂದು ಖಾರ. ವಾರ್ಡನ್ನರ ಕೋಣೆಯ ಬಾಗಿಲಿಗೆ ಬಂದು ಕೈ ಎತ್ತಿದೆ, ಅಷ್ಟರಲ್ಲಿ ದಾನೇಶ್ವರಿ ನನ್ನನ್ನು ದಾಟಿ ಮುಂದೆ ಬಂದು ನಿಂತಳು.

"ನೀವ ಇಲ್ಲೇ ನಿಂದರ್ರಿ ಅಕ್ಕೋರ. ನೀವ ಒಳಗ ಬಂದ್ರ ಮತ್ತ ಅದ ನಿಮ್ಮ ಸಿಟ್ಟ ಆಕ್ಕೈತಿ."

ಬಾಗಿಲು ತೆರೆದು ಒಳಗೆ ಹೋದಳು, ಬಾಗಿಲು ಮುಚ್ಚಿಕೊಂಡಳು. ಒಳಗಿನಿಂದ ಅವಳ ದನಿ ಕೇಳಿಸುತ್ತಿತ್ತು, ನಡುನಡುವೆ ವಾರ್ಡನ್ನರದೂ ಏರುತ್ತಿತ್ತು. ಮತ್ತೆ ಹೆಡ್‌ಮಾಸ್ತರರ ತನಕ ಹೋದರೆ, ಮತ್ತೆ ಟಿ.ಸಿ.ಯ ಮಾತು ಬಂದರೆ ಏನು ಗತಿ? ಬಂದರೆ ನಾನಿದ್ದೇನಲ್ಲ, ಈ ಸಲ ಅವಳಿಗೆ ಸಿಟ್ಟು ಬಂದಿತ್ತು, ಬರಲೇಬೇಕಿತ್ತು ಎಂದೇ ವಾದ ಮಾಡುತ್ತೇನೆ ಎಂದುಕೊಂಡೆ. ಎರಡು ಸಲ ಬಾಗಿಲಿನ ಹಿಡಿಕೆಗೆ ಕೈ ಹಾಕಿದೆ, ಎರಡೂ ಸಲ ಹಿಂದಕ್ಕೆ ತೆಗೆದೆ. ಸಿಟ್ಟು ಮಾಡಲು ಏನೂ ಇಲ್ಲದೆ ಹೊರಗೆ ನಿಲ್ಲುವುದು ಎಷ್ಟು ಕಷ್ಟವೆಂದು ನಮ್ಮ ಮನೆಯವರಿಗೆ ಗೊತ್ತಿರಬೇಕು, ನನಗೆ ಅದೇ ಮೊದಲು.

ದಾನೇಶ್ವರಿ ಹೊರಗೆ ಬಂದಳು. ಮುಖ ಕೆಂಪಾಗಿತ್ತು.

"ಈ ವಾರದಿಂದ ವಿಡಿಯೋ ಹಚ್ಚಿ ಕೊಡ್ತಾರಂತ್ರಿ," ಎಂದಳು.

"ತಪ್ಪಾತು ಅಂದ್ಯೇನು?"

"ಭುಜಾ ಹಿಡದಿದ್ದಕ್ಕ ತಪ್ಪಾತ್ರಿ ಅಂದೆ," ಎಂದಳು. "ಒದರಿದ್ದಕ್ಕ ಅನ್ನಲಿಲ್ಲ."